ಪಾಚಿಗೆ ಪುಷ್ಟಿ ಎಲ್ಲಿಂದ

ತಮಿಳುನಾಡಿನ ಕಂಬಂ ಸಮೀಪದ ದ್ರಾಕ್ಷಿ ಬೆಳೆಗಾರ ಚಿನ್ನಯ್ಯನು ಕಪ್ಪೆಗಳಿಗೆಂದೇ ಹಿತ್ತಲಲ್ಲಿ ಪುಟ್ಟ ಕೊಳವೊಂದನ್ನು ತೋಡಿಸಿದ್ದನು. ಈ ಬೇಸಿಗೆಯಲ್ಲಿ ನೂಲಿನಂಥ ಪಾಚಿ ಅದನ್ನು ಕಂಬಳಿಯಂತೆ ಮುಚ್ಚಿ, ಗೊದಮೊಟ್ಟೆಗಳು ಉಸಿರುಗಟ್ಟಿ ಸಾಯತೊಡಗಿದವು. ಕೋಲಿಗೆ ಸುತ್ತಿ ಎಳೆದು ತೆಗೆದಷ್ಟೂ ಪಾಚಿ ಮತ್ತೆ ಹಬ್ಬುತ್ತಿತ್ತು. ಇದಕ್ಕೆ ಇಷ್ಟು ಪುಷ್ಟಿ ಎಲ್ಲಿಂದ ಬಂತೆಂಬ ಕುತೂಹಲದಿಂದ ಅವನು ದಡದಲ್ಲಿ ಕುಳಿತು ನೋಡಿದನು. ದೇವರಿಗೆ ಬಿಟ್ಟ ಎತ್ತನ್ನು ಮೀಯಿಸಿದ ನೀರು ಪವಿತ್ರವೆಂದು ಅವನೇ ಅದನ್ನು ಪುಟ್ಟ ಕಾಲುವೆ ತೋಡಿ ಕೊಳಕ್ಕೆ ಹರಿಸುತ್ತಿದ್ದನು. ಆ ಕಾಲುವೆಯ ಬಾಯಲ್ಲೇ ಪಾಚಿ ದಟ್ಟವಾಗಿತ್ತು.

"ಮಾಮಾ, ದಿನಾ ಸಗಣಿನೀರು ಕುಡಿಸಿದ್ರೆ ಪಾಚಿ ಸುಮ್ನೆ ಇರ್ತದಾ?" ಎಂದು ಸೊಸೆ ಅಮುದಾ ನಕ್ಕಳು.

"ಅದ್ಕೇಂತ ದೇವರೆತ್ತಿನ ನೀರ್ನ ಬೀದಿಗೆ ಬಿಡ್ಲಾ?"

"ದ್ರಾಕ್ಷಿ ಪಂದಲ್‌ಗೆ ಬಿಡಿ. ಅದು ಬೇಡ ಅನ್ನಲ್ಲ."

ಚಿನ್ನಯ್ಯನು ಕಾಲುವೆಯನ್ನು ದ್ರಾಕ್ಷಿ ಚಪ್ಪರದ ಬಳ್ಳಿಗಳ ಬುಡಕ್ಕೆ ತಿರುಗಿಸಿ, ಉಳಿದ ಪಾಚಿಯನ್ನು ನೀರಲ್ಲೇ ಜಾಲಿಸಿ ತೆಗೆದನು. ಅದರಲ್ಲಿ ಸಿಕ್ಕಿಕೊಂಡಿದ್ದ ಗೊದಮೊಟ್ಟೆಗಳು ಬಾಲ ಬಡಿಯುತ್ತ ಆಳಕ್ಕಿಳಿದವು. ಮಳೆ ಹಿಡಿಯುವ ಹೊತ್ತಿಗೆ, ತಿಳಿಯಾದ ನೀರಿನಲ್ಲಿ ಅವುಗಳಿಗೆ ಹಿಂಗಾಲು ಮೂಡಿದ್ದವು.