ಸೌಂಡ್ ಕಾರ್ಡಿನ ಖಾರ

ರಾಣೆಬೆನ್ನೂರಿನಲ್ಲಿ ನಮಗೆಲ್ಲ ಕಂಪ್ಯೂಟರ್ ಸಾಮಾನು ಮಾರುತ್ತಿದ್ದವರು ಬ್ಯಾಡಗಿ ಊರಿನವರೊಬ್ಬರು. ಮುಂಜಾನೆ ತಮ್ಮೂರಲ್ಲಿ ಮೆಣಸಿನಕಾಯಿ ದಲಾಲಿ, ಮಧ್ಯಾಹ್ನ ಇಲ್ಲಿ ಅಂಗಡಿ. ಮೌಸ್ ಕೇಳಿದರೂ ಮಾನಿಟರ್ ಕೇಳಿದರೂ ಅವರ ಮಾತು ಒಂದೇ: "ಬಣ್ಣ ನೋಡ್ರಿ, ಖಾರ ನೋಡಬ್ಯಾಡ್ರಿ." ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ ಎಂಬ ಹೆಮ್ಮೆ ಅದರಲ್ಲಿತ್ತು.

ಕಂಪ್ಯೂಟರ್ ಆಟದಲ್ಲಿ ಹಿಂದಿನಿಂದ ಬರುವ ವೈರಿಯ ಹೆಜ್ಜೆ ಕೇಳಿಸದೆ ನಾನು ದಿನಾ ಸಾಯುತ್ತಿದ್ದ ಕಾಲವದು. ಭಾನುವಾರ ಹಾವೇರಿಯವರ ಜೊತೆ ಪಂದ್ಯವಿತ್ತು. ಹೆಡ್‌ಫೋನಿನ ದನಿ ಏರಿಸಲು ಆಂಪ್ಲಿಫೈಯರ್ ಬೇಕೆಂದೆ.

"ಅದು ಬರೇ ಖಾರ ಹೆಚ್ಚು ಮಾಡತೈತ್ರಿ. ಹೆಜ್ಜಿ ಎಡಕ್ಕೋ ಬಲಕ್ಕೋ ತಿಳೀಬೇಕಂದ್ರ ಸೌಂಡ್ ಕಾರ್ಡ್ ಬೇಕು. ಅದು ಬಣ್ಣ."

ಅಂಗಡಿಯ ಕಂಪ್ಯೂಟರಿಗೆ ಕಾರ್ಡ್ ಕೂಡಿಸಿದರು. ಹೆಡ್‌ಫೋನಿನ ಮೆತ್ತೆಗಳನ್ನು ಅಂಗೈಯಿಂದ ಚೆನ್ನಾಗಿ ಒರೆಸಿ, ತಾವೇ ನನ್ನ ಕಿವಿಗೆ ಒತ್ತಿ ಹಿಡಿದರು.

ಹೆಜ್ಜೆ ನಿಜಕ್ಕೂ ಎಡಗಡೆಯಿಂದಲೇ ಬಂತು. ಜೊತೆಗೆ ಕಿವಿ ಬಿಸಿಯಾಗತೊಡಗಿತು. ಒಳ್ಳೆಯ ಕಾರ್ಡೆಂದರೆ ಹೀಗೇ ಇರಬೇಕೆಂದು ಸಹಿಸಿಕೊಂಡೆ. ಕೊನೆಗೆ ಕಣ್ಣಲ್ಲಿ ನೀರು ಬಂತು.

"ಕಾರ್ಡ್ ಭಾರೀ ಐತ್ರಿ. ಆದ್ರ ಕಿವಿ ಉರಿಯಾಕತ್ತಾವ," ಎಂದೆ.

ಅವರು ಗಾಬರಿಯಾಗಲಿಲ್ಲ. ಹೆಡ್‌ಫೋನ್ ತೆಗೆದು ಮೂಸಿದರು. ಆಮೇಲೆ ತಮ್ಮ ಕೆಂಪು ಅಂಗೈಯನ್ನು ಮೂಸಿದರು. ನನಗೆ ನೀರು ತರುವ ಮೊದಲು ತಮ್ಮೂರ ಮಾನ ಉಳಿಸಿಕೊಂಡರು:

"ಇದು ನಮ್ಮ ಬ್ಯಾಡಗಿ ಕಾಯಿ ಅಲ್ರಿ. ಇವತ್ತ ಪ್ಯಾಟಿಗೆ ಗುಂಟೂರು ಮಾಲು ಬಂದಿತ್ತು."