ಕೂದಲೆಳೆಯಷ್ಟು ಪಕ್ಕಕ್ಕೆ

ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಯಾತ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮಾತಾಡುವಾಗಲೂ ಕೈಗೆ ಸಿಕ್ಕಿದ್ದನ್ನು ಹೆಬ್ಬೆರಳಿನ ಉಗುರಿನಿಂದ ಕೊಂಚ ಕೊಂಚವೇ ತಳ್ಳುತ್ತಿದ್ದ. ಕಪ್ಪುಬಿಳುಪು ಫಿಲ್ಮಿನಲ್ಲೇ ಬಣ್ಣ ತರಿಸುವ ಹುಚ್ಚು ಅವನಿಗೆ. ಗಾಜಿನ ಮೇಲೆ ಕೆಂಪು, ಹಸಿರು, ನೀಲಿ ಗೆರೆಗಳನ್ನು ಕೂದಲೆಳೆಯಷ್ಟು ತೆಳ್ಳಗೆ ತಾನೇ ಎಳೆದುಕೊಂಡಿದ್ದ. ಅದನ್ನು ಕ್ಯಾಮೆರಾದೊಳಗೆ ಫಿಲ್ಮಿನ ಮುಂದಿಟ್ಟು ಫೋಟೊ ತೆಗೆದು, ತೊಳೆದ ಚಿತ್ರದ ಮೇಲೆ ಅದೇ ಗಾಜನ್ನು ಮತ್ತೆ ಇಟ್ಟರೆ ಬಣ್ಣ ಕಾಣಬೇಕು. ಎಷ್ಟು ಸಲ ಕೆಟ್ಟರೂ ಒಂದೇ ಮಾತು: “ತಡೀರಿ ಸಾ, ಬತ್ತದೆ.”

ಒಂದು ಭಾನುವಾರ ಹೆಂಡತಿಯನ್ನು ಅವಳ ತವರು ತಿ. ನರಸೀಪುರದ ಹೊಳೆ ಮೆಟ್ಟಿಲ ಮೇಲೆ ಕೆಂಪು ಸೀರೆಯಲ್ಲಿ ನಿಲ್ಲಿಸಿ, ಸುಡುಬಿಸಿಲಲ್ಲಿ ಅಲ್ಲಾಡಬೇಡವೆಂದು ಗದರಿಸಿ, ಉಳಿದಿದ್ದ ಕೊನೆಯ ಫಿಲ್ಮನ್ನೂ ಮುಗಿಸಿದ. ಮರುದಿನ ಸಂಜೆ ನನ್ನನ್ನು ಕೂಗಿ ಕರೆದ. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇಲೆ ಗಾಜು ಇಟ್ಟ. ಬಣ್ಣ ಬಂತು! ಆದರೆ ಸೀರೆ ಹಸಿರು, ಮುಖವೂ ಹಸಿರು.

“ಕೇಳ್ದಾಗ ಕೊಡುಸ್ನಿಲ್ಲ, ಈಗ ಬಂತಲ್ಲ ಅಸಿರು ಸೀರೆ!” ಎಂದಳು ಹೆಂಡತಿ.

“ತಡಿ, ಒಂದು ಗೆರೆ ಜರುಗ್ಬುಟ್ಟದೆ ಕಣೆ, ಕೆಂಪು ಗೆರೆ ಜಾಗಕ್ಕೆ ಅಸಿರು ಬಂದದೆ.” ಉಸಿರು ಬಿಗಿಹಿಡಿದು ಗಾಜನ್ನು ಉಗುರಿನಿಂದ ತಳ್ಳಿದ. ಸೀರೆ ಧಗ್ಗನೆ ಕೆಂಪಾಯಿತು, ಹೊಳೆ ನೀಲಿಯಾಯಿತು. ನಾವು ಮೂವರೂ ಕಿರುಚಿದ ಸದ್ದಿಗೆ, ಇಂಡಿಯಾ ಮ್ಯಾಚ್ ಗೆದ್ದಿತೇನೋ ಎಂದು ಎದುರುಮನೆಯವರು ಬಾಗಿಲಿಗೆ ಬಂದರು.

“ಮತ್ತೆ ಜರುಗದ ಹಾಗೆ ಅಂಟಿಸಿಬಿಡಪ್ಪ,” ಎಂದೆ.

“ಅಂಟ್ಸೋದ್ ಬ್ಯಾಡ ಸಾ. ಅಸಿರು ಬೇಕು ಅನ್ಸಿದಾಗ ಇವ್ಳೇ ತಳ್ಕೊಳ್ಲಿ.”

ಅಷ್ಟರಲ್ಲಾಗಲೇ ಆಕೆಯ ಉಗುರು ಗಾಜಿನ ಅಂಚಿಗೆ ಬಂದಿತ್ತು.