ಸೆಕೆಂಡ್ ಮುಳ್ಳಿರುವ ವಾಚು

‘ಅಕ್ಕಾರ, ನಾಳೆ ವಾಚ್ ತಗೊಳ್ಳಾಕ ಸಿಂಧನೂರಿಗೆ ಹೊಂಟೀನ್ರೀ. ಜೋಡಿ ಬರ್ತೀರೇನು?’

ಶನಿವಾರ ಸಂಜೆ ಬಾಗಿಲಲ್ಲಿ ನಿಂತು ಹುಲಿಗೆಮ್ಮ ಹೀಗೆ ಕೇಳಿದಾಗ ನಾನು ಹಿಂದೆಮುಂದೆ ನೋಡದೆ ‘ಹೂಂ’ ಅಂದುಬಿಟ್ಟೆ. ಎಷ್ಟೊತ್ತಿಗೆ, ಯಾವ ಬಸ್ಸಿಗೆ, ಯಾವ ಅಂಗಡಿಗೆ, ಒಂದೂ ಕೇಳಲಿಲ್ಲ. ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಅಂತ ಭಯ.

ನಗಬೇಡಿ. ನಿಮ್ಮನ್ನು ಯಾರಾದರೂ ‘ಜೊತೆಗೆ ಬನ್ನಿ’ ಅಂತ ಕರೆದು ಎಷ್ಟು ದಿನವಾಯಿತು? (ಮದುವೆ, ತೊಟ್ಟಿಲು, ತಿಥಿ ಬಿಡಿ. ಅವಕ್ಕೆ ಎಲ್ಲರನ್ನೂ ಕರೆಯುತ್ತಾರೆ.) ಸುಮ್ಮನೆ, ಒಂದು ಅಂಗಡಿಗೆ, ನೀವಿದ್ದರೆ ಚೆನ್ನ ಅಂತ? ನನಗಂತೂ ನೆನಪಿಲ್ಲ.

ಈ ಅಂಕಣವನ್ನು ಹೊಸದಾಗಿ ಓದುವವರಿಗೆ ನನ್ನ ಪರಿಚಯ ಇಷ್ಟೇ. ವಯಸ್ಸು ಐವತ್ನಾಲ್ಕು, ವಾಸ ಮಸ್ಕಿ, ಕಾಲೇಜೊಂದರಲ್ಲಿ ಲೈಬ್ರರಿಯನ್. ಮದುವೆಯಾಗಿಲ್ಲ. (ಯಾಕೆ ಅಂತ ಕೇಳಬೇಡಿ, ಹೇಳಿ ಹೇಳಿ ನನಗೇ ಬೇಜಾರಾಗಿದೆ.) ಅವ್ವ ಇದ್ದಳು, ಎರಡು ವರ್ಷದ ಹಿಂದೆ ಹೋದಳು. ಲೈಬ್ರರಿಯಲ್ಲಿ ಮಾತಾಡುವ ಹಾಗಿಲ್ಲ, ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ಹೀಗಾಗಿ ನನ್ನ ಮಾತೆಲ್ಲ ವಾರಕ್ಕೊಮ್ಮೆ ನಿಮ್ಮ ತಲೆಯ ಮೇಲೆ ಬೀಳುತ್ತದೆ.

ಹುಲಿಗೆಮ್ಮ ನನ್ನ ಪಕ್ಕದ ರೂಮಿನಲ್ಲಿ ಬಾಡಿಗೆಗಿದ್ದ ಹುಡುಗಿ. ತುರ್ವಿಹಾಳದವಳು. ಅಪ್ಪ, ಅವ್ವ ಭತ್ತದ ಗದ್ದೆಗೆ ಕೂಲಿ ಹೋಗುವವರು. ಆ ಮನೆಯಲ್ಲಿ ನೌಕರಿ ಅಂತ ಹಿಡಿದವಳು ಇವಳೇ ಮೊದಲು. ನರ್ಸಿಂಗ್ ಮುಗಿಸಿ ಮಸ್ಕಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಿದ್ದಳು. ಈಗ ಲಿಂಗಸುಗೂರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಸೋಮವಾರವೇ ಹಾಜರಾಗಬೇಕಿತ್ತು. ಅಲ್ಲೇ ಗೆಳತಿಯರ ಜೊತೆ ಇರುತ್ತಾಳೆ, ಇಲ್ಲಿಯ ರೂಮು ಖಾಲಿ.

‘ಲಿಂಗಸುಗೂರ ಏನ್ ದೂರ್ರೀ ಅಕ್ಕಾರ? ಬಸ್ ಹತ್ತಿದ್ರ ಬಂದ ಬಿಡ್ತೀನಿ’ ಅಂದಿದ್ದಳು. ಹೌದು, ಬಸ್ಸುಗಳು ಬೇಕಾದಷ್ಟಿವೆ. ಆದರೆ ಹಾಗೆ ಹೇಳಿ ಹೋದವರಲ್ಲಿ ಎಷ್ಟು ಜನ ಬಸ್ಸು ಹತ್ತಿದ್ದಾರೆ?

ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಇಟ್ಟಿಗೆಯ ಗೋಡೆ. ಅವಳು ಊರಿಗೆ ಫೋನ್ ಹಚ್ಚಿದರೆ ಸ್ಪೀಕರ್ ಹಾಕಿಯೇ ಮಾತು. ತುರ್ವಿಹಾಳದಲ್ಲಿ ಯಾರ ಎಮ್ಮೆ ಈದಿತು, ಯಾರ ಸೊಸೆ ತವರಿಗೆ ಹೋದಳು ಅನ್ನುವುದೆಲ್ಲ ನನಗೂ ಗೊತ್ತು. (ಕದ್ದು ಕೇಳುವುದಲ್ಲ, ತಾನಾಗಿ ಕೇಳಿಸುತ್ತದೆ. ಕೇಳಿಸದ ದಿನ ಮಾತ್ರ ಗೋಡೆಯ ಹತ್ತಿರ ಕುರ್ಚಿ ಹಾಕಿಕೊಳ್ಳುತ್ತೇನೆ.) ವಾಚಿನ ಜಗಳವೂ ಹಾಗೇ ಕೇಳಿಸಿತ್ತು.

‘ಹೆಣ್ಮಗಳಿಗೆ ವಾಚ್ ಯಾಕ ಬೇಕವ್ವ? ಮದ್ವ್ಯಾಗ ಅಳಿಯಗ ತರೂದು ಇದ್ದ ಐತಿ’ ಅಂತ ಅಪ್ಪ.

‘ಅಳಿಯ ಬಂದು ವಾರ್ಡಿನ್ಯಾಗ ನಾಡಿ ನೋಡ್ತಾನೇನಪ್ಪ?’ ಅಂತ ಮಗಳು.

ಮೊಬೈಲ್ ಇದೆಯಲ್ಲ ಅನ್ನುತ್ತೀರಿ. ನಾನೂ ಅಂದಿದ್ದೆ. ಗ್ಲೌಸ್ ಹಾಕಿದ ಕೈಯಲ್ಲಿ ರೋಗಿಯ ಮಣಿಕಟ್ಟು ಹಿಡಿದವಳು ಫೋನ್ ಎಲ್ಲಿಂದ ತೆಗೆಯಬೇಕು? ಮಸ್ಕಿಯಲ್ಲಿ ಗೋಡೆ ಗಡಿಯಾರ ನೋಡಿ ನಾಡಿ ಎಣಿಸುತ್ತಿದ್ದಳಂತೆ. ದೊಡ್ಡ ವಾರ್ಡಿನಲ್ಲಿ ಎಲ್ಲ ಮಂಚದ ಹತ್ತಿರದಿಂದಲೂ ಗಡಿಯಾರ ಕಾಣುವುದಿಲ್ಲ. ಅಂತೂ ಕೈಯಲ್ಲೊಂದು ವಾಚು ಬೇಕೇ ಬೇಕು.

ಭಾನುವಾರ ಬಸ್ಸಿನಲ್ಲಿ ಕಿಟಕಿಯ ಸೀಟು ನನಗೇ ಬಿಟ್ಟುಕೊಟ್ಟಳು. ಒಬ್ಬಳೇ ಹೋಗುವಾಗ ನನ್ನ ಪಕ್ಕದಲ್ಲಿ ನನ್ನ ಬ್ಯಾಗು ಕೂರುತ್ತದೆ. ಅವತ್ತು ಬ್ಯಾಗಿಗೆ ಜಾಗ ಇರಲಿಲ್ಲ. ಸಿಂಧನೂರು ಬರುವವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಖುಷಿಯಾಗಿ ಕೂತಿದ್ದೆ.

ಬಸ್ ಸ್ಟ್ಯಾಂಡಿನಿಂದ ಬಿಸಿಲಲ್ಲೇ ನಡೆದು ಅಂಗಡಿ ಹೊಕ್ಕೆವು. ಅಂಗಡಿಯವರು ನಮ್ಮಿಬ್ಬರನ್ನು ನೋಡಿದ್ದೇ ತಡ, ಏನೂ ಕೇಳದೆ ಮಖಮಲ್ಲಿನ ಟ್ರೇ ಒಂದನ್ನು ಮುಂದಿಟ್ಟರು. ಅದರ ತುಂಬ ಬಂಗಾರದ ಬಣ್ಣದ, ದಪ್ಪ ದಪ್ಪ ಗಂಡಸರ ವಾಚುಗಳು.

‘ಮದ್ವಿ ಯಾವಾಗ್ರೀ ಅಮ್ಮಾರ? ಅಳಿಯಾರಿಗೆ ಇದು ಭಾಳ ಪಸಂದ್ ಬರ್ತೈತಿ ನೋಡ್ರಿ.’

ಅವರ ತಪ್ಪೇನಿಲ್ಲ. ನಮ್ಮ ಕಡೆ ವಾಚು ಅಂದರೆ ಹೆಣ್ಣಿನ ಮನೆಯವರು ವರನಿಗೆ ಕೊಡುವ ವಸ್ತು. ಉಂಗುರ, ಸೂಟು, ವಾಚು. ವಯಸ್ಸಾದವಳೊಬ್ಬಳು, ವಯಸ್ಸಿಗೆ ಬಂದವಳೊಬ್ಬಳು ಕೂಡಿ ವಾಚಿನಂಗಡಿಗೆ ಬಂದರೆ ಇನ್ನೇನು ಅರ್ಥ? ಅಳಿಯ ಸಿಕ್ಕಿದ್ದಾನೆ ಅಂತಲೇ ಅರ್ಥ. (ನನ್ನ ದೆಸೆಯಿಂದ ಯಾವ ಗಂಡಸಿಗೂ ವಾಚು ಸಿಗಲಿಲ್ಲ. ಪಾಪ, ಯಾರೋ ಒಬ್ಬ ಇವತ್ತಿಗೂ ಟೈಮು ಗೊತ್ತಿಲ್ಲದೆ ಓಡಾಡುತ್ತಿರಬೇಕು.)

‘ಅಳಿಯ ಇಲ್ರೀ’ ಅಂತ ನಾನು ಅನ್ನಬೇಕಿತ್ತು. ಅನ್ನಲಿಲ್ಲ. ಒಂದು ವಾಚು ಎತ್ತಿ ತಿರುಗಿಸಿ ನೋಡಿದೆ. ‘ಜರಾ ಭಾರ ಆತಲ್ರೀ’ ಅಂತ ಬೇರೆ ಅಂದೆ. ಅತ್ತೆಯಾಗುವುದು ಇಷ್ಟು ಸಲೀಸು ಅಂತ ಗೊತ್ತಿರಲಿಲ್ಲ.

‘ನನಗ್ರೀ’ ಅಂದಳು ಹುಲಿಗೆಮ್ಮ. ‘ಡ್ಯೂಟಿಗೆ.’

ಮಖಮಲ್ಲಿನ ಟ್ರೇ ಒಳಗೆ ಹೋಯಿತು. ಹೆಂಗಸರ ಟ್ರೇ ಹೊರಗೆ ಬಂತು. ಬಳೆಯಂಥವು, ಸರಪಳಿಯಂಥವು, ಗುಲಾಬಿ ಹರಳಿನವು. ತೆಳ್ಳನೆಯದೊಂದು ನನಗೆ ತುಂಬಾ ಹಿಡಿಸಿತು. ‘ಇದು ಚಂದ ಐತಿ ನೋಡು’ ಅಂದೆ.

‘ಚಂದ ಐತ್ರೀ. ಸೆಕೆಂಡ್ ಮುಳ್ಳ ಎಲ್ಲೈತಿ?’

ಇರಲಿಲ್ಲ. ಆ ಟ್ರೇಯ ಒಂದರಲ್ಲೂ ಇರಲಿಲ್ಲ. ಕೆಲವಕ್ಕೆ ಅಂಕಿಗಳೂ ಇಲ್ಲ, ನಾಲ್ಕು ದಿಕ್ಕಿಗೆ ನಾಲ್ಕು ಹರಳು ಅಷ್ಟೇ.

‘ಹೆಣ್ಮಕ್ಳ ವಾಚಿಗೆ ಸೆಕೆಂಡ್ ಮುಳ್ಳ ಯಾರೂ ಕೇಳೂದಿಲ್ಲ ಬಿಡವ್ವ’ ಅಂದರು ಅಂಗಡಿಯವರು.

ಕೇಳುವುದಿಲ್ಲವಂತೆ! ಹೆಂಗಸರ ಹೊತ್ತಿಗೆ ಸೆಕೆಂಡಿನ ಲೆಕ್ಕ ಬೇಡ ಅಂತ ಯಾರು ತೀರ್ಮಾನ ಮಾಡಿದರೋ. ಒಲೆಯ ಮೇಲೆ ಹಾಲಿಟ್ಟು ನಿಂತವರನ್ನು ಒಂದು ಮಾತು ಕೇಳಬೇಕಿತ್ತು.

ಆಮೇಲೆ ಸ್ಮಾರ್ಟ್ ವಾಚ್ ಬಂತು. ‘ಇದ ತಗೋ, ನಾಡಿ ಇದ ತೋರಸ್ತೈತಿ’ ಅಂದರು. ‘ಅದು ನನ್ನ ನಾಡಿ ತೋರಸ್ತೈತ್ರೀ, ಪೇಷಂಟಿಂದಲ್ಲ’ ಅಂದಳು ಹುಲಿಗೆಮ್ಮ. ನನಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತು.

ನಾನೂ ಸುಮ್ಮನೆ ಕೂರಲಿಲ್ಲ. ಲೆದರ್ ಬೆಲ್ಟ್ ಬೇಡ, ಗಳಿಗೆಗೊಮ್ಮೆ ಕೈ ತೊಳೆಯುವವಳಿಗೆ ಅದು ನಾರುತ್ತದೆ ಅಂದೆ. ದೊಡ್ಡ ಕಂಪನಿಯ ನಕಲಿ ಮಾಲು ಬೇಡ ಅಂದೆ. ಸೆಲ್ ಮುಗಿದರೆ ಲಿಂಗಸುಗೂರಿನಲ್ಲೇ ಹಾಕಿಸುವಂಥದ್ದು ಇರಲಿ ಅಂದೆ. ಮೊದಲ ಸಂಬಳದಲ್ಲಿ ಮೊದಲ ವಾಚು ಕೊಳ್ಳುವ ಮಕ್ಕಳೇ, ನಿಮಗೂ ಇಷ್ಟೇ ನನ್ನ ಸಲಹೆ. ಆ ಕೈ ದಿನವಿಡೀ ಏನು ಕೆಲಸ ಮಾಡುತ್ತದೆ ಅಂತ ಯೋಚಿಸಿ ಕೊಳ್ಳಿ.

ಕೊನೆಗೆ ಒಪ್ಪಿಗೆಯಾದದ್ದು ಗಂಡಸರ ಸಾದಾ ವಾಚು. ಬಿಳಿ ಮುಖ, ಕಪ್ಪು ಅಂಕಿ, ಕೆಂಪು ಸೆಕೆಂಡ್ ಮುಳ್ಳು, ರಬ್ಬರ್ ಬೆಲ್ಟ್. ಸಾವಿರದೊಳಗೇ ಮುಗಿಯಿತು. ಅವಳ ಮಣಿಕಟ್ಟು ಸಣ್ಣದು. ಅಂಗಡಿಯವರು ಬೆಲ್ಟಿಗೆ ಇನ್ನೊಂದು ತೂತು ಹೊಡೆಯುತ್ತ ನನ್ನ ಕಡೆ ನೋಡಿ ನಕ್ಕರು.

‘ಮಗಳು ಭಾಳ ಹುಷಾರ್ ಅದಾಳ್ರೀ ಅಮ್ಮಾರ.’

ನಾನು ಹೆತ್ತವಳ ಗತ್ತಿನಲ್ಲಿ ಸೆರಗು ಸರಿಮಾಡಿಕೊಂಡೆ.

‘ಅವ್ವ ಅಲ್ರೀ’ ಅಂದಳು ಹುಲಿಗೆಮ್ಮ ನಗುತ್ತ. ‘ಬಾಜೂ ಮನಿಯಾರು.’

ನಿಜವನ್ನೇ ಹೇಳಿದಳು. ಆ ಮಾತಿನಲ್ಲಿ ಕುಹಕವಿಲ್ಲ, ಅಸಡ್ಡೆಯಿಲ್ಲ. ತುರ್ವಿಹಾಳದಲ್ಲಿ ಅವಳಿಗೆ ಗಟ್ಟಿಮುಟ್ಟಾದ ಅವ್ವ ಇದ್ದಾಳೆ, ಆಕೆಯ ದನಿಯನ್ನು ದಿನಾ ಕೇಳುವವಳು ನಾನು. ಆದರೂ ಚುರ್ ಅಂದಿತು. ಸೋಮವಾರದಿಂದ ನಾನು ಬಾಜೂ ಮನೆಯವಳೂ ಅಲ್ಲ. ಆಮೇಲೆ ನಾನು ಅವಳಿಗೆ ಏನಾಗಬೇಕು? ಅದಕ್ಕೊಂದು ಹೆಸರಾದರೂ ಇದೆಯೇ?

‘ಅಕ್ಕಾರ, ಜರಾ ಕೈ ಕೊಡ್ರಿ. ಮುಳ್ಳ ಬರೋಬ್ಬರಿ ಕಾಣ್ತೈತೇನು ನೋಡ್ತೀನಿ.’

ಕೊಟ್ಟೆ. ಮೂರು ಬೆರಳನ್ನು ನನ್ನ ಮಣಿಕಟ್ಟಿನ ಮೇಲಿಟ್ಟು, ಕಣ್ಣನ್ನು ಹೊಸ ವಾಚಿನಲ್ಲಿಟ್ಟು, ತುಟಿಯಲ್ಲೇ ಎಣಿಸತೊಡಗಿದಳು. ಹೊರಗೆ ಟಂಟಂ ಗಾಡಿಗಳ ಗದ್ದಲ.

ಅವಳ ಬೆರಳು ಬೆಚ್ಚಗಿದ್ದವು. ಅವ್ವ ಹೋದ ಮೇಲೆ ನನ್ನ ಕೈ ಹಿಡಿದವರು ಯಾರು ಅಂತ ನೆನಪು ಮಾಡಿಕೊಂಡೆ. ಆಧಾರ್ ಸೆಂಟರಿನವನು ಬೆರಳು ಹಿಡಿದು ಮಷೀನಿಗೆ ಒತ್ತಿದ್ದ. ಬಳೆಗಾರ ಬಳೆ ಏರಿಸಿದ್ದ. ಇಬ್ಬರಿಗೂ ಅವಸರವಿತ್ತು. ಅಷ್ಟೇ, ಮೂರನೆಯವರು ನೆನಪಿಗೆ ಬರಲಿಲ್ಲ. ಯಾರೂ ನನ್ನನ್ನು ಬೈದಿಲ್ಲ, ದೂರ ಮಾಡಿಲ್ಲ. ಕಂಡವರೆಲ್ಲ ನಮಸ್ಕಾರ ಅನ್ನುತ್ತಾರೆ. ಆದರೆ ನನ್ನ ಕೈ ಹಿಡಿಯುವ ಪ್ರಸಂಗ ಯಾರಿಗೂ ಬಂದಿಲ್ಲ. ಮನುಷ್ಯ ಹೀಗೂ ವರ್ಷಗಟ್ಟಲೆ ಇದ್ದುಬಿಡಬಹುದು ಅಂತ ವಾಚಿನಂಗಡಿಯಲ್ಲಿ ನಿಂತಾಗಲೇ ನನಗೆ ಗೊತ್ತಾದದ್ದು. ಅಳು ಬಂತು. ಹಲ್ಲು ಕಚ್ಚಿ ತಡೆದುಕೊಂಡೆ.

‘ಜರಾ ಜೋರ್ ಐತ್ರೀ ನಿಮ್ಮ ನಾಡಿ’ ಅಂದಳು, ಕೈ ಬಿಟ್ಟು. ‘ಬಿಸಿಲಾಗ ನಡದು ಬಂದೀರಲ್ಲ, ಅದಕ್ಕ ಇರಬೇಕು.’

‘ಎಣಿಸೂದು ಇಷ್ಟ್ ಲಗೂ ಆತೇನು?’ ಅಂದೆ.

‘ಅರ್ಧ ನಿಮಿಷ ಎಣಿಸಿ ಡಬಲ್ ಮಾಡೂದ್ರೀ ಅಕ್ಕಾರ. ಬಿಡುವಿಲ್ಲದಾಗ ನಾವು ಹಂಗ ಮಾಡೂದು.’

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದಳು. ಮುಟ್ಟಿದೆ ಅಂತ ಮೆಸೇಜು ಹಾಕಿದಳು, ಆಮೇಲೆ ಸುದ್ದಿಯಿಲ್ಲ. ಹೊಸ ಕೆಲಸ, ಪುರುಸೊತ್ತು ಎಲ್ಲಿಯದು? ಪಕ್ಕದ ರೂಮಿಗೆ ಮಾಲೀಕರು ‘ಬಾಡಿಗೆಗಿದೆ’ ಅಂತ ಬೋರ್ಡು ನೇತುಹಾಕಿದ್ದಾರೆ. ಅವಳು ಈ ಅಂಕಣ ಓದುವವಳಲ್ಲ, ಗೊತ್ತು. ಆದರೂ ಅವತ್ತು ಕೇಳಲಾಗದೆ ನುಂಗಿಕೊಂಡದ್ದನ್ನು ಇಲ್ಲಿ ಕೇಳಿಬಿಡುತ್ತೇನೆ.

ಹುಲಿಗೆಮ್ಮ, ಭಾನುವಾರ ನಿನಗೆ ಡ್ಯೂಟಿ ಇರಲಿಲ್ಲವಲ್ಲ, ಪೂರ್ತಿ ಒಂದು ನಿಮಿಷ ಎಣಿಸಬಾರದಿತ್ತೇನೇ?